ಬ್ಯಾಡಗಿ ಮಾರ್ಕೆಟ್‌ನಾಗ 300 ಫಾರ್ಮ್ ತುಂಬಿಸೀನಿ, ಇನ್ನೂ 200 ಸೇರಿಸಿದ್ರ ನಡೀತೈತೇನ್ರಿ?

ಧಾರವಾಡ_ಎಂಎ:
ನಮಸ್ಕಾರ ರೀ. ಅರ್ಥಶಾಸ್ತ್ರದ ಪ್ರಾಜೆಕ್ಟ್ ಮಾಡಾಕತ್ತೇನಿ. ವಿಷಯ: ಹಾವೇರಿ ಜಿಲ್ಲೆಯ ಮೆಣಸಿನಕಾಯಿ ಬೆಳೆಗಾರರು ಮಾಲು ಎಲ್ಲಿ, ಹೆಂಗ ಮಾರ್ತಾರ. ಟೆಂಡರ್ ದಿನ ನೋಡ್ಕೊಂಡು ಬ್ಯಾಡಗಿಗೆ ಹೋಗಿ, ದಲಾಲಿ ಅಂಗಡಿ ಮುಂದ ಚೀಲದ ಮ್ಯಾಲ ಕುಂತವರನ್ನ ಮಾತಾಡಿಸಿ 300 ಫಾರ್ಮ್ ತುಂಬಿಸೀನಿ. ಸೀನಿ ಸೀನಿ ಗಂಟಲ ಕಟ್ಟೇತಿ. 'ಮಾರ್ಕೆಟ್‌ಗೆ ತರ್ತೀರೋ, ಊರಾಗ ವ್ಯಾಪಾರಸ್ಥರಿಗೆ ಕೊಡ್ತೀರೋ' ಅಂದ್ರ ಹೆಚ್ಚುಕಡಿಮೆ ಎಲ್ಲಾರೂ 'ಮಾರ್ಕೆಟ್‌ಗೆ' ಅಂದಾರ. ಗೈಡ್ ನಾಕು ಹಾಳಿ ತಿರುವಿ 'ಸ್ಯಾಂಪಲ್ ವಾಲೇತಿ' ಅಂದ್ರು, ಮೀಟಿಂಗ್ ಐತಿ ಅಂತ ಎದ್ದು ಹೋದ್ರು. ಇನ್ನೂ 200 ಸೇರಿಸಿದ್ರ ನೆಟ್ಟಗಾಗ್ತೈತೇನ್ರಿ?

ಹುಬ್ಬಳ್ಳಿ_ಲೆಕ್ಕದ_ಮಾಸ್ತರ:
ಆಗೂದಿಲ್ಲ. ಬಸ್‌ಸ್ಟ್ಯಾಂಡಿನಾಗ ನಿಂತು 'ಬಸ್ಸಿನಾಗ ಅಡ್ಡಾಡ್ತೀರೇನು' ಅಂತ ಕೇಳಿದಂಗಾತು. 1936ರಾಗ ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆ ಫೋನು, ಕಾರು ಇದ್ದವರ ಪಟ್ಟಿ ಹಿಡದು ಸುಮಾರು 1 ಕೋಟಿ ಜನಕ್ಕ ಕಾರ್ಡ್ ಕಳಿಸ್ತು. 20 ಲಕ್ಷಕ್ಕೂ ಹೆಚ್ಚು ವಾಪಸ್ ಬಂದ್ವು. ಅಧ್ಯಕ್ಷರ ಚುನಾವಣೆಯಾಗ ಲ್ಯಾಂಡನ್ ಗೆಲ್ತಾರ ಅಂತು. ರೂಸ್‌ವೆಲ್ಟ್ 48ರಾಗ 46 ರಾಜ್ಯ ಹೊಡಕೊಂಡು ಹೋದ್ರು. ಸಂಖ್ಯಾ ಹೆಚ್ಚಿಸಿದ್ರ ಏರಿಳಿತ ಕಡಿಮಿ ಆಗ್ತದ, ವಾಲಿದ್ದು ವಾಲಿದಂಗ ಇರ್ತದ.

ಗದಗ_ನಿವೃತ್ತ:
ತಮ್ಮಾ, ನಾ ಗದಗ, ರೋಣ, ಮುಂಡರಗಿ ಕಡೆ ವರ್ಷಾನುಗಟ್ಟಲೆ ಬೆಳೆ ಕಟಾವು ಪ್ರಯೋಗ (ಇಳುವರಿ ಅಂದಾಜಿಗೆ ಹೊಲದ ಒಂದು ತುಣುಕು ಕೊಯ್ದು ತೂಗೂದು) ಮಾಡಿಸಿದಾಂವ. ಅಲ್ಲಿ ಸರ್ವೆ ನಂಬರು ನಾವು ಆರಿಸೋಹಂಗಿಲ್ಲ, ಮೊದಲ ಗೊತ್ತುಮಾಡಿ ಕೊಟ್ಟಿರ್ತಾರ. ಹೊಲದ ನೈಋತ್ಯ ಮೂಲ್ಯಾಗ ನಿಂತು, ಯಾದೃಚ್ಛಿಕ ಸಂಖ್ಯೆ (ಚೀಟಿ ಎತ್ತಿದಂಗ ಬಂದ ಸಂಖ್ಯೆ) ಹೇಳಿದಷ್ಟು ಹೆಜ್ಜಿ ಉದ್ದ, ಹೇಳಿದಷ್ಟು ಅಡ್ಡ ನಡದು ಗೂಟ ಹೊಡೀಬೇಕು. ಒಮ್ಮೆ ಜ್ವಾಳದ ಹೊಲದಾಗ ಗೂಟ ಬಿದ್ದದ್ದು ಕರಿಕಿ ಹಬ್ಬಿದ ಜಾಗದಾಗ. 'ಇಲ್ಲೇನೈತ್ರಿ ಸಾಹೇಬ್ರ, ಆ ಕಡೆ ತೆನಿ ನೋಡ್ರಿ' ಅಂತ ರೈತ ಕೈ ಹಿಡದು ಜಗ್ಗಿದ. ನನ್ನ ಜೋಡಿ ಬಂದ ಹುಡುಗ ಆಗಲೇ ಗೂಟ ಕಿತ್ತಿದ್ದ! ತಿರುಗಿ ಅಲ್ಲೇ ಹೊಡಿಸಿದೆ. ಹೊಲದಾಗ ಕರಿಕಿ ಇದ್ರ ಲೆಕ್ಕದಾಗೂ ಕರಿಕಿ ಬರಬೇಕು. ನೀ ತೆನಿ ಇದ್ದ ಕಡೆ ಗೂಟ ಹೊಡದೀ.

ಇನ್ನೊಂದು. 50 ಚೀಲ ಬೆಳದಾಂವ ಸೀಸನ್‌ನಾಗ ಐದು ಸಲ ಬರ್ತಾನ, 5 ಚೀಲದಾಂವ ಒಮ್ಮೆ. ಮೊದಲಿನಾಂವ ನಿನ್ನ ಕೈಗೆ ಸಿಗೋ ಸಾಧ್ಯತೆ ಐದು ಪಟ್ಟು. ಎಷ್ಟು ಸಲ ಬಂದಾನ ಅಂತ ಕೇಳಿದ್ರ ಅವನ ಫಾರ್ಮಿಗೆ 1/5 ತೂಕ ಕೊಟ್ಟು, ಅಂದ್ರ ಐದರಾಗ ಒಂದು ಪಾಲು ಅಂತ ಎಣಿಸಿ, ಸರಿಮಾಡಬಹುದು. ಬರಲಾರದವರಿಗೆ ಮಾತ್ರ ಯಾವ ತೂಕಾನೂ ನಡ್ಯೂದಿಲ್ಲ. ಅಂದಂಗ, ಬ್ಯಾಡಗಿಗೆ ಬಳ್ಳಾರಿ, ರಾಯಚೂರು, ಆಂಧ್ರದ ಮಾಲೂ ಬರ್ತೈತಿ. 300ರಾಗ ಹಾವೇರಿಯವರೆಷ್ಟು ಅಂತ ನೋಡೀಯೇನು?

ಪ್ರಾಜೆಕ್ಟಿನ ಹೆಸರು ಬದಲಿಸಿ 'ಬ್ಯಾಡಗಿ ಮಾರ್ಕೆಟ್‌ಗೆ ಬಂದ ರೈತರು' ಅಂತ ಬರಿ, ಮಾನ ಉಳೀತೈತಿ. ಇಲ್ಲಾ ಊರೂರು ತಿರುಗು. ಚೀಟಿ ಎತ್ತಿ 20 ಊರು ಆರಿಸು. 200 ಬೆಳೆಗಾರರ ಊರಿಗೆ 20 ಚೀಟಿ ಹಾಕಿದ್ರ 50ರ ಊರಿಗೆ 5. ಊರಿಗೆ ಹತ್ತು ಮನಿ. ಊರಿನ ಬೆಳೆಗಾರರ ಪಟ್ಟಿಯೊಳಗ 140 ಹೆಸರಿದ್ರ 14ಕ್ಕೊಂದು: ಮೊದಲನೇ ಚೀಟಿ 5 ಬಂತಂದ್ರ 5, 19, 33, ಹಂಗ. ನಾಕೇ ಊರಾಗ ಐವತ್ತೈವತ್ತು ಮಾಡಬ್ಯಾಡ, ಒಂದೂರಿನವರು ಬಹಳಷ್ಟು ಒಬ್ಬ ವ್ಯಾಪಾರಿಗೇ ಕೊಟ್ಟಿರ್ತಾರ. ಉತಾರದ (ಪಹಣಿ) ಪಟ್ಟಿನೂ ಪೂರ್ತಿ ನಂಬಬ್ಯಾಡ. ಹೆಸರು ತೀರಿಕೊಂಡ ಅಜ್ಜಂದು, ಹೊಲ ಮಾಡಾಂವ ಪಾಲಿನಾಂವ. ಕದ ಹಾಕಿದ್ರ ಮಗ್ಗಲ ಮನಿಗೆ ಹೋಗಬ್ಯಾಡ, ಸಂಜಿಗೆ ಮತ್ತ ಅದ ಮನಿಗೆ ಹೋಗು.

ಬ್ಯಾಡಗಿಯಾಕಿ:
ಅಲ್ಲೇ ಕುಂತು ತೊಟ್ಟು ಬಿಡಿಸೋ ಹೆಣ್ಣುಮಕ್ಕಳೊಳಗೂ ಎಕರೆ, ಎರಡೆಕರೆ ಮೆಣಸಿನಕಾಯಿ ಮಾಡಿದವರು ಇರ್ತಾರ್ರಿ. ಅವರನ್ನ ದಾಟಿಕೊಂಡ ಹೋಗಿರಬೇಕಲ್ಲ ನೀವು?

ಧಾರವಾಡ_ಎಂಎ:
ಅಕ್ಕಾರ, ಈಗ ಎಣಿಸಿದೆ. 300ರಾಗ ಹೆಣ್ಣುಮಕ್ಕಳು ನಾಕು. ಹಾವೇರಿ ಜಿಲ್ಲೆ ಬಿಟ್ಟು ಹೊರಗಿನವರು 112. ಕಾಕಾರ, 'ಎಷ್ಟು ಸಲ ಬಂದೀರಿ' ಅನ್ನೋ ಪ್ರಶ್ನೆನ ನನ್ನ ಫಾರ್ಮ್‌ನಾಗ ಇಲ್ರಿ. ಮೊಬೈಲ್ ನಂಬರ್ ಬರ್ಕೊಂಡೇನಿ, ನಾಳಿಂದ ಒಬ್ಬೊಬ್ಬರಿಗೇ ಫೋನ್ ಹಚ್ಚತೇನಿ.