ಅಂಜನ್ ಹುಲ್ಲು ಚಿಗುರುತ್ತಿಲ್ಲ, ಸದ್ಯಕ್ಕೆ ಕೂಳೆ ಜೋಳಕ್ಕೆ ದನ ಬಿಡಬಹುದಾ?

ಹಿರಿಯೂರು_ಹಳ್ಳಿಕಾರ್
ಎರಡು ಎಕರೆ ಕೆಂಪು ಮಣ್ಣು, ಅಂಜನ್ ಹುಲ್ಲು, ನಡುನಡುವೆ ಸ್ಟೈಲೋ ಅನ್ನೋ ದ್ವಿದಳ ಮೇವಿನ ಗಿಡ. ಸುತ್ತ ಬೇಲಿ ಇದೆ. ನಾಲ್ಕು ಹಸು, ಎರಡು ಕರು ಬೆಳಗ್ಗೆ ಒಳಗೆ ಬಿಟ್ಟರೆ ಸಂಜೆ ಹೊಡ್ಕೊಂಡು ಬರೋದು. ಸಂಕ್ರಾಂತಿವರೆಗೂ ತೊಂದರೆ ಇರಲಿಲ್ಲ. ಈಗ ಬುಡ ಬೋಳು, ನೀರು ಹಾಯಿಸಿದ್ರೂ ಚಿಗುರು ಬೆರಳುದ್ದ ದಾಟ್ತಿಲ್ಲ. ಯೂರಿಯಾ ಕೊಡ್ಲಾ? ಪಕ್ಕದಲ್ಲಿ ಜೋಳ ಕೊಯ್ದ ಹೊಲ ಇದೆ, ಭರಣಿ ಮಳೆಗೆ ಕೂಳೆ, ಅಂದ್ರೆ ಕೊಯ್ದ ಬುಡದ ಮರುಚಿಗುರು, ಚೆನ್ನಾಗಿ ಒಡೆದಿದೆ. ಸದ್ಯಕ್ಕೆ ದನ ಅಲ್ಲಿಗೆ ಬಿಡೋಣ ಅಂತ.

ದೊಡ್ಡಿಮನೆ
ಹುಲ್ಲಿನ ಮಾತು ಆಮೇಲೆ. ಕೂಳೆ ಎಷ್ಟೆತ್ತರ ಇದೆ ಅಣ್ಣಾ?

ಹಿರಿಯೂರು_ಹಳ್ಳಿಕಾರ್
ಮೊಣಕಾಲಿಗೂ ಬಂದಿಲ್ಲ. ಕಡು ಹಸಿರು.

ದೊಡ್ಡಿಮನೆ
ಹಾಗಾದ್ರೆ ಬಿಡಲೇಬೇಡಿ. ಬಿಸಿಲಿಗೆ ಸೊರಗಿ, ಮಳೆ ಬಿದ್ದ ಕೂಡಲೇ ಒಡೆಯುವ ಎಳೆ ಜೋಳದಲ್ಲಿ ಸಯನೈಡ್ ವಿಷ ಅತಿ ಹೆಚ್ಚು. ಹಸಿದ ಹಸು ನುಗ್ಗಿ ತಿಂದರೆ ಏದುಸಿರು, ಜೊಲ್ಲು, ತೂರಾಟ, ಆಮೇಲೆ ಬಿದ್ದೇಬಿಡುತ್ತೆ. ಕೆಲವೊಮ್ಮೆ ಡಾಕ್ಟರ್ ಬರೋಷ್ಟರಲ್ಲಿ ಮುಗಿದಿರುತ್ತೆ. ಸೋಡಿಯಂ ಥಯೋಸಲ್ಫೇಟ್ ನರಕ್ಕೆ ಕೊಟ್ಟರೆ ಉಳಿಸಬಹುದು, ಅದನ್ನ ಪಶುವೈದ್ಯರೇ ಕೊಡಬೇಕು. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಮನೆಮದ್ದು ಅಂತ ಕೂರಬೇಡಿ. ಕೂಳೆ ಹೂ ಬಿಡಲಿ, ಆಗ ಕೊಯ್ದು ಹಾಕಿ. ಆಗಲೂ ಮೊದಲು ರಾಗಿ ಹುಲ್ಲು ತಿನ್ನಿಸಿ. ಯೂರಿಯಾ ಹಾಕಿದ ಜೋಳದಲ್ಲಿ ವಿಷ ಇನ್ನೂ ಜಾಸ್ತಿ.

ಅಂಜನ್ ವಿಷಯ: ಯೂರಿಯಾ ಕೊರತೆ ಅಲ್ಲ ಅದು, ಬಿಡುವಿನ ಕೊರತೆ. ಹುಲ್ಲು ಹೊಸ ಎಲೆ ತೆಗೆಯೋದು ಬುಡದಲ್ಲಿ ಕೂಡಿಟ್ಟ ಆಹಾರದಿಂದ. ದನ ಇಡೀ ಗದ್ದೆ ತಿರುಗಿ ಮತ್ತೆ ಮತ್ತೆ ಅದೇ ಎಳೆ ಚಿಗುರನ್ನೇ ಹುಡುಕಿ ಕಚ್ಚುತ್ತೆ, ಆ ಕೂಡಿಟ್ಟ ಗಂಟು ಖಾಲಿ. ಬೇಲಿ ಒಳಗೇ ತಂತಿ ಎಳೆದು ನಾಲ್ಕು ಭಾಗ ಮಾಡಿ. ಅಂಗೈ ಅಗಲದಷ್ಟು ಬುಡ ಉಳಿದಾಗ ದನ ಮುಂದಿನ ಭಾಗಕ್ಕೆ. ಮೇಯ್ದ ಭಾಗಕ್ಕೆ ಬೇಸಿಗೆಯಲ್ಲಿ ತಿಂಗಳಾದರೂ ಬಿಡುವು ಬೇಕು, ಕ್ಯಾಲೆಂಡರ್‌ಗಿಂತ ಹುಲ್ಲಿನ ಎತ್ತರ ನೋಡಿ. ನಾಲ್ಕೂ ಬೋಳಾಗಿದ್ರೆ ದೊಡ್ಡಿಯಲ್ಲೇ ಕಟ್ಟಿ ಒಣಮೇವು ಹಾಕೋದು, ಬೇರೆ ದಾರಿ ಇಲ್ಲ. ಮಳೆಗಾಲದಲ್ಲಿ ಒಂದು ಭಾಗ ಬೀಜಕ್ಕೆ ಬಿಡಿ, ಸ್ಟೈಲೋ ಕೂಡ ತಾನೇ ಉದುರಿ ಹುಟ್ಟುತ್ತೆ.

ಬಯಲುಸೀಮೆ_ರೈತ
ಕೂಳೆ ಕೊಯ್ದು ಬಾಡಿಸಿ ಹಾಕಿದ್ರೆ ಪರವಾಗಿಲ್ವಾ? ನಮ್ಮ ಕಡೆ ಹಾಗೇ ಹಾಕ್ತಾರೆ.

ದೊಡ್ಡಿಮನೆ
ಬಾಡಿಸಿದ್ದು ಸಾಲದು. ಬಿಸಿಲಲ್ಲಿ ಗಲಗಲ ಅನ್ನೋವರೆಗೂ ಒಣಗಬೇಕು, ಅಥವಾ ಗಾಳಿಯಾಡದ ಹಾಗೆ ಒತ್ತಿ ಮುಚ್ಚಿ ಸೈಲೇಜ್ (ರಸಮೇವು) ಮಾಡಿ ಕೆಲವು ವಾರ ಬಿಡಬೇಕು. ಮುಂದಿನ ಬೇಸಿಗೆಗೆ ಜೋಳದ ಬದಲು ಸಜ್ಜೆ ಬಿತ್ತಿ ನೋಡಿ, ಅದರಲ್ಲಿ ಸಯನೈಡ್ ಭಯ ಇಲ್ಲ.

ಹಿರಿಯೂರು_ಹಳ್ಳಿಕಾರ್
ಕೂಳೆ ಹೊಲದ ಕಡೆ ಬೇಲಿ ಬಿಗಿ ಮಾಡಿದೆ. ಸಜ್ಜೆ ಕೊಯ್ಲಿಗೆ ಎಷ್ಟೆತ್ತರ ಬರಬೇಕು, ಅದೂ ಹೂ ಬಿಡೋವರೆಗೆ ಕಾಯಬೇಕಾ?

ದೊಡ್ಡಿಮನೆ
ಅಷ್ಟು ಕಾದ್ರೆ ಕಡ್ಡಿ ಗಟ್ಟಿಯಾಗುತ್ತೆ. ತೆನೆ ಹೊರಡೋ ಮುಂಚೆ ಕೊಯ್ಯಿರಿ, ಒಂದು ಗೇಣು ಬುಡ ಬಿಡಿ.