ಬ್ರಿಟನ್‌ನ ಬೇಸಿಗೆಯ ವಿಚಿತ್ರ ಹಬ್ಬಗಳು: ಮಕ್ಕಳು, ಅತ್ತೆ ಜೊತೆ ಯಾವುದಕ್ಕೆ ಹೋಗಬಹುದು?

ಪ್ರಶ್ನೆ

ನಾವು ಬರ್ಮಿಂಗ್‌ಹ್ಯಾಮ್‌ಗೆ ಬಂದು ಎರಡು ವರ್ಷ ಆಯಿತು. ಮೊದಲ ಬೇಸಿಗೆಯಲ್ಲಿ ಲಂಡನ್, ಎರಡನೆಯದರಲ್ಲಿ ಎಡಿನ್‌ಬರಾ. ಎಲ್ಲರೂ ನೋಡುವುದನ್ನೇ ನಾವೂ ನೋಡಿದೆವು. ಈ ಸಲ ಬೇರೆ ಏನಾದರೂ ಬೇಕು ಅನ್ನಿಸಿದೆ. ಮೊನ್ನೆ ಮಗಳ ಕ್ಲಾಸಿನಲ್ಲಿ ಯಾರೋ ಬಸವನಹುಳುಗಳ ರೇಸ್ ಬಗ್ಗೆ ಹೇಳಿದರಂತೆ. ಅವತ್ತಿನಿಂದ ಅವಳಿಗೆ ಅದೇ ಧ್ಯಾನ. ಅಂಥದ್ದು ನಿಜವಾಗಿಯೂ ಇದೆಯಾ?

ನಮ್ಮ ಪರಿಸ್ಥಿತಿ ಹೀಗಿದೆ. ಮಗಳಿಗೆ 10, ಮಗನಿಗೆ 6. ಅತ್ತೆಯವರು ಮೇ ಕೊನೆಗೆ ಬಂದು ಆಗಸ್ಟ್ ಕೊನೆವರೆಗೆ ಇರುತ್ತಾರೆ. ಅವರಿಗೆ ಮಂಡಿನೋವು, ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ. ನಮ್ಮ ಹತ್ತಿರ ಕಾರಿಲ್ಲ. ಟೆಂಟ್ ಹಾಕಿ ಮಲಗುವ ದೊಡ್ಡ ಸಂಗೀತದ ಹಬ್ಬಗಳು ಬೇಡ. ಊರಿನವರೇ ಸೇರಿ ಮಾಡುವಂಥದ್ದು ಬೇಕು. ಹೋಗಿ ಬಂದವರು ಹೇಳಿದರೆ ದೊಡ್ಡ ಉಪಕಾರ.

ಉತ್ತರ 1

ನಿಮ್ಮ ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು. ನಾನು ಇಲ್ಲಿ ನರ್ಸ್ ಆಗಿ 11 ವರ್ಷ ಆಯಿತು. ಬೇಸಿಗೆ ಬಂತೆಂದರೆ ಜೊತೆಯವರ ಹತ್ತಿರ ಡ್ಯೂಟಿ ಅದಲುಬದಲು ಮಾಡಿಕೊಂಡು ಇಂಥ ಹಬ್ಬಗಳಿಗೆ ಹೋಗುತ್ತೇನೆ.

ಮೊದಲು ಮಗಳ ವಿಷಯ. ಅವಳು ಕೇಳಿದ್ದು ನಿಜ. ಬಸವನಹುಳುಗಳ ವಿಶ್ವ ಚಾಂಪಿಯನ್‌ಶಿಪ್ ಜುಲೈನಲ್ಲಿ ನಾರ್ಫೋಕ್‌ನ ಕಾಂಗಮ್ ಎಂಬ ಹಳ್ಳಿಯ ಕಡೆ ನಡೆಯುತ್ತದೆ. ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸಿರುತ್ತಾರೆ. ಬಟ್ಟೆಯ ಮೇಲೆ ವೃತ್ತಗಳು. ಹುಳು ಒಳಗಿನ ವೃತ್ತದಿಂದ ಹೊರಟು ಹೊರಗಿನದನ್ನು ಮುಟ್ಟಬೇಕು. ದೂರ ಬರೀ 13 ಇಂಚು. ಪ್ರತಿ ಚಿಪ್ಪಿನ ಮೇಲೂ ಒಂದು ನಂಬರ್. "ರೆಡಿ, ಸ್ಟೆಡಿ, ಸ್ಲೋ!" ಎಂದು ಕೂಗಿ ಶುರು ಮಾಡುತ್ತಾರೆ. 1995ರಲ್ಲಿ ಆರ್ಚಿ ಎಂಬ ಹುಳು 2 ನಿಮಿಷದಲ್ಲಿ ಮುಟ್ಟಿದ್ದೇ ದಾಖಲೆ. ಗೆದ್ದ ಹುಳುವಿಗೆ ಬೆಳ್ಳಿ ಲೋಟದ ತುಂಬ ಲೆಟ್ಯೂಸ್ ಸೊಪ್ಪು. ಮಕ್ಕಳು ತಮ್ಮದೇ ಹುಳು ತರಬಹುದು. ನೀವು ರೈಲಿನಲ್ಲಿ ಈಲಿಗೆ ಹೋಗಿ, ಅಲ್ಲಿ ಬದಲಾಯಿಸಿ ಕಿಂಗ್ಸ್ ಲಿನ್‌ಗೆ ಹೋಗಬೇಕು. ಅಲ್ಲಿಂದ ಟ್ಯಾಕ್ಸಿ. ಒಂದು ದಿನದಲ್ಲಿ ಹೋಗಿ ಬರುವುದು ಚಿಕ್ಕವನಿಗೆ ಕಷ್ಟ ಆಗಬಹುದು.

ಆದರೆ ನಿಮ್ಮ ಮನೆಯವರಿಗೆಲ್ಲ ಸೇರಿ ಒಂದನ್ನೇ ಆರಿಸು ಅಂದರೆ ನಾನು ಎರೆಹುಳು ಹಬ್ಬ ಅನ್ನುತ್ತೇನೆ. ಚೆಶೈರ್‌ನಲ್ಲಿ ನಾಂಟ್‌ವಿಚ್ ಪಕ್ಕದ ವಿಲ್ಲಸ್ಟನ್ ಹಳ್ಳಿ. ಅಲ್ಲಿನ ಪ್ರೈಮರಿ ಶಾಲೆಯ ಮೈದಾನದಲ್ಲಿ 1980ರಲ್ಲಿ ಇದು ಶುರುವಾಯಿತು. ಹುಲ್ಲಿನ ಮೇಲೆ 3 ಮೀಟರ್ ಉದ್ದ, 3 ಮೀಟರ್ ಅಗಲದ ಚೌಕಗಳನ್ನು ಗುರುತು ಮಾಡಿ ಒಂದೊಂದು ತಂಡಕ್ಕೆ ಒಂದೊಂದು ಕೊಡುತ್ತಾರೆ. ಅರ್ಧ ಗಂಟೆಯಲ್ಲಿ ಅತಿ ಹೆಚ್ಚು ಎರೆಹುಳುಗಳನ್ನು ಮಣ್ಣಿನಿಂದ ಮೇಲೆ ಬರಿಸಿದವರು ಗೆದ್ದ ಹಾಗೆ. ನೆಲ ಅಗೆಯುವಂತಿಲ್ಲ. ನೀರು ಹಾಕುವಂತಿಲ್ಲ, ನೀರನ್ನೂ ಅವರು ಉತ್ತೇಜಕ ಔಷಧ ಅಂತಲೇ ಲೆಕ್ಕ ಹಿಡಿಯುತ್ತಾರೆ. ಹೆಚ್ಚಿನವರು ತೋಟದ ಫೋರ್ಕನ್ನು ನೆಲಕ್ಕೆ ಚುಚ್ಚಿ ಹಿಡಿಕೆ ಅಲ್ಲಾಡಿಸುತ್ತಾರೆ. ಮಣ್ಣು ನಡುಗುತ್ತದೆ, ಹುಳುಗಳು ತಾವಾಗಿಯೇ ಮೇಲೆ ಬರುತ್ತವೆ. ನೆಲದೊಳಗೆ ಬಿಲ ಕೊರೆದು ಎರೆಹುಳು ತಿನ್ನುವ ಮೋಲ್ ಎಂಬ ಪ್ರಾಣಿ ಬಂತೆಂದು ಹೆದರಿ ಹಾಗೆ ಮಾಡುತ್ತವಂತೆ. ಅಮೆರಿಕದ ಫ್ಲಾರಿಡಾದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ.

ಒಬ್ಬರು ಫೋರ್ಕ್ ಹಿಡಿದರೆ ಇನ್ನೊಬ್ಬರು ಹುಳು ಆರಿಸಬೇಕು. ಆರಿಸುವವರನ್ನು ಗಿಲ್ಲಿ ಅನ್ನುತ್ತಾರೆ. ನಾನು ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ, ಅವಳೇ ನನ್ನ ಗಿಲ್ಲಿ. ಮೊದಲ ಹತ್ತು ನಿಮಿಷ ಒಂದೂ ಇಲ್ಲ. ಅವಳ ಕಣ್ಣು ತುಂಬಿ ಬಂತು. ಪಕ್ಕದ ಚೌಕದ ಅಜ್ಜ ತಮ್ಮ ಆಟ ಅಲ್ಲೇ ಬಿಟ್ಟು ಬಂದರು. ಫೋರ್ಕ್ ಅಷ್ಟು ಆಳಕ್ಕೆ ಹೋಗಬಾರದು, ಓರೆಯಾಗಿ ಹಿಡಿದು ಸಣ್ಣಗೆ ಬಡಿಯಬೇಕು ಎಂದು ತೋರಿಸಿಕೊಟ್ಟರು. ಆಮೇಲೆ ಹುಲ್ಲಿನ ಸಂದಿಯಲ್ಲಿ ಮೊದಲ ಹುಳು ತಲೆ ಹಾಕಿತು ನೋಡಿ, ಅವಳು ಕಿರುಚಿದ್ದು ಮೈದಾನಕ್ಕೆಲ್ಲ ಕೇಳಿಸಿತು. ಕೊನೆಗೆ ನಮಗೆ 23 ಸಿಕ್ಕವು. ಮೊದಲ ವರ್ಷ ಗೆದ್ದವರು 511 ಹುಳು ಹೊರಡಿಸಿದ್ದರು. 2009ರಲ್ಲಿ ನಿಮ್ಮ ಮಗಳ ವಯಸ್ಸಿನದೇ ಹುಡುಗಿ 567 ಹೊರಡಿಸಿ ಆ ದಾಖಲೆ ಮುರಿದಳು. ಹಿಡಿದ ಹುಳುಗಳನ್ನು ಸಂಜೆ ಹಕ್ಕಿಗಳೆಲ್ಲ ಗೂಡು ಸೇರಿದ ಮೇಲೆ ವಾಪಸ್ ಮಣ್ಣಿಗೆ ಬಿಡುತ್ತಾರೆ. ಈ ನಿಯಮ ನನಗೆ ತುಂಬಾ ಇಷ್ಟ.

ನಿಮಗೆ ಕ್ರೂ ತನಕ ನೇರ ರೈಲಿದೆ, ಹಳ್ಳಿ ಅಲ್ಲಿಂದ ಹತ್ತಿರ. ಮಡಚುವ ಕುರ್ಚಿ ಒಯ್ದರೆ ಅತ್ತೆಯವರು ಆರಾಮಾಗಿ ಕೂತು ನೋಡಬಹುದು. ಬೇಸಿಗೆಯ ಯಾವ ಶನಿವಾರ ಅಂತ ಮೊದಲೇ ನೋಡಿಕೊಂಡು ಹೆಸರು ಕೊಡಿ.

ಅತ್ತೆಯವರಿಗಾಗಿಯೇ ಇನ್ನೊಂದು: ಸ್ವಾನ್ ಅಪ್ಪಿಂಗ್, ಅಂದರೆ ನದಿಯ ಹಂಸಗಳ ಲೆಕ್ಕ ಹಿಡಿಯುವ ಪದ್ಧತಿ. ಜುಲೈ ಮೂರನೇ ವಾರ, ಥೇಮ್ಸ್ ನದಿಯಲ್ಲಿ ಐದು ದಿನ. ಅರಮನೆಯವರು ಮತ್ತು ಲಂಡನ್‌ನ ಎರಡು ಹಳೇ ಸಂಘಗಳವರು, ಅಂದರೆ ವಿಂಟ್ನರ್ಸ್ ಮತ್ತು ಡೈಯರ್ಸ್, ದೋಣಿಗಳಲ್ಲಿ ಹುಟ್ಟು ಹಾಕುತ್ತಾ ನದಿಯ ಮೇಲ್ಗಡೆಗೆ ಹೋಗುತ್ತಾರೆ. ರಾಜನ ಕಡೆಯವರದು ಕೆಂಪು ಅಂಗಿ. ಮರಿಗಳ ಜೊತೆ ಹಂಸಗಳು ಕಂಡರೆ "ಆಲ್ ಅಪ್!" ಎಂದು ಕೂಗಿ ಸುತ್ತುವರಿದು ಮೆಲ್ಲಗೆ ಹಿಡಿಯುತ್ತಾರೆ. ತೂಕ ಮಾಡಿ, ಗಾಯ ಇದೆಯಾ, ಮೀನಿನ ಗಾಳ ಸಿಕ್ಕಿಕೊಂಡಿದೆಯಾ ಎಂದು ನೋಡಿ ಬಿಡುತ್ತಾರೆ. ಹಿಂದಿನ ಕಾಲದಲ್ಲಿ ಹಂಸ ಔತಣದ ಅಡುಗೆಯಾಗಿತ್ತು, ಯಾವುದು ಯಾರದು ಅನ್ನುವ ಲೆಕ್ಕಕ್ಕೆ ಹುಟ್ಟಿದ ಪದ್ಧತಿ ಇದು. ಈಗ ಅದೇ ಪದ್ಧತಿ ಹಂಸಗಳನ್ನು ಕಾಪಾಡುತ್ತಿದೆ. ಯಾವ ದಿನ ಯಾವ ಜಾಗ ಎಷ್ಟು ಗಂಟೆಗೆ ಎಂಬ ಪಟ್ಟಿ ಮೊದಲೇ ಬರುತ್ತದೆ. ನದಿ ದಡದ ಬೆಂಚಿನಲ್ಲಿ ಕೂತರೆ ಸಾಕು. ದುಡ್ಡು ಕೊಡಬೇಕಿಲ್ಲ.

ಉತ್ತರ 2

ಗ್ಲಾಸ್ಟರ್ ಕಡೆಯವನು ನಾನು. ಚೀಸ್ ಉರುಳಿಸುವ ಹಬ್ಬದ ಬಗ್ಗೆ ಯಾರಾದರೂ ನಿಮಗೆ ಹೇಳೇ ಹೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಮೇ ಕೊನೆಯ ಸೋಮವಾರ ಬ್ರಾಕ್‌ವರ್ತ್ ಹತ್ತಿರದ ಕೂಪರ್ಸ್ ಹಿಲ್ ಮೇಲಿಂದ 3-4 ಕಿಲೋದ ಡಬಲ್ ಗ್ಲಾಸ್ಟರ್ ಚೀಸ್ ಗಾಲಿಯನ್ನು ಉರುಳಿ ಬಿಡುತ್ತಾರೆ. ಅದರ ಹಿಂದೆ ಜನ ಬೀಳುತ್ತಾ ಏಳುತ್ತಾ ಓಡುತ್ತಾರೆ. ಮೊದಲು ಕೆಳಗೆ ಮುಟ್ಟಿದವರಿಗೆ ಚೀಸ್. ಇಳಿಜಾರು ಸುಮಾರು 180 ಮೀಟರ್, ನಿಂತರೆ ಕಾಲು ಜಾರುವಷ್ಟು ಕಡಿದು. 2023ರಲ್ಲಿ ಹೆಂಗಸರ ಓಟ ಗೆದ್ದ ಕೆನಡಾದ ಹುಡುಗಿಗೆ ತಾನು ಗೆದ್ದದ್ದು ಗೊತ್ತಾಗಿದ್ದು ಪ್ರಥಮ ಚಿಕಿತ್ಸೆಯ ಟೆಂಟಿನಲ್ಲಿ ಎಚ್ಚರವಾದ ಮೇಲೆ. 2010ರಿಂದ ಅಧಿಕೃತ ಆಯೋಜಕರಿಲ್ಲ, ಊರಿನವರೇ ನಡೆಸಿಕೊಂಡು ಬಂದಿದ್ದಾರೆ. ನಮ್ಮೂರಿನ ಹೆಮ್ಮೆ ಅದು, ನಿಜ. ಆದರೆ ಮಂಡಿನೋವಿನವರನ್ನು, ಆರು ವರ್ಷದ ಮಗುವನ್ನು ಆ ನೂಕುನುಗ್ಗಲಿಗೆ ದಯವಿಟ್ಟು ಕರೆತರಬೇಡಿ.

ಅದೇ ವಾರದ ಶುಕ್ರವಾರ ಚಿಪ್ಪಿಂಗ್ ಕ್ಯಾಂಪ್ಡೆನ್‌ಗೆ ಹೋಗಿ. ಡೋವರ್ಸ್ ಹಿಲ್ ಮೇಲೆ ಕಾಟ್ಸ್‌ವೋಲ್ಡ್ ಒಲಿಂಪಿಕ್ ಆಟಗಳು. ಶುರುವಾಗಿದ್ದು 1612ರಲ್ಲಿ, ಈಗಿನ ಒಲಿಂಪಿಕ್ಸ್‌ಗಿಂತ ಎಷ್ಟೋ ಮೊದಲು. ಮುಖ್ಯ ಆಟ ಕಾಲಿಗೆ ಒದೆಯುವುದು. ಇಬ್ಬರೂ ಬಿಳಿ ನಿಲುವಂಗಿ ಹಾಕಿ, ಪ್ಯಾಂಟಿನೊಳಗೆ ಹುಲ್ಲು ತುರುಕಿಕೊಂಡು, ಭುಜ ಹಿಡಿದು, ಒಬ್ಬರ ಮೊಣಕಾಲಿನ ಕೆಳಗೆ ಇನ್ನೊಬ್ಬರು ಒದ್ದು ನೆಲಕ್ಕೆ ಕೆಡವಬೇಕು. ಮೂರರಲ್ಲಿ ಎರಡು ಗೆಲ್ಲಬೇಕು. ಸಾಕಾದರೆ "ಸಫಿಶಿಯಂಟ್" ಅಂದರೆ ಮುಗಿಯಿತು. ಕತ್ತಲಾದ ಮೇಲೆ ಎಲ್ಲರ ಕೈಗೂ ಪಂಜು. ಬೆಟ್ಟದಿಂದ ಊರಿನ ಚೌಕದವರೆಗೆ ಬೆಂಕಿಯ ಸಾಲು ಇಳಿಯುವುದನ್ನು ಒಮ್ಮೆ ನೋಡಲೇಬೇಕು. ಹತ್ತಿರದ ಸ್ಟೇಷನ್ ಮೋರ್ಟನ್-ಇನ್-ಮಾರ್ಶ್. ಅಷ್ಟು ಹೊತ್ತಿನಲ್ಲಿ ವಾಪಸ್ ಹೋಗುವುದು ಕಷ್ಟ, ರೂಮ್ ಮಾಡಿಕೊಳ್ಳಿ.

ಉತ್ತರ 3

ಎಡಿನ್‌ಬರಾ ಮತ್ತೆ ಬರುವುದಾದರೆ ಆಗಸ್ಟ್ ಎರಡನೇ ಶುಕ್ರವಾರ ಬನ್ನಿ. ಪಕ್ಕದ ಸೌತ್ ಕ್ವೀನ್ಸ್‌ಫೆರಿಯಲ್ಲಿ ಅವತ್ತು ಬರಿಮ್ಯಾನ್ ನಡೆಯುತ್ತಾನೆ. ಆ ಊರಲ್ಲೇ ಹುಟ್ಟಿದವನ ಮೈಗೆ, ಮುಖಕ್ಕೆ ಬರ್ಡಾಕ್ ಗಿಡದ ಸಾವಿರಾರು ಅಂಟುಕಾಯಿಗಳನ್ನು ಮೆತ್ತುತ್ತಾರೆ. ಎರಡೂ ಕೈ ಅಗಲಿಸಿ, ಹೂ ಸುತ್ತಿದ ಕೋಲು ಹಿಡಿದು, ಸುಮಾರು 7 ಮೈಲಿ ನಡೆಯುತ್ತಾನೆ. ಬೆಳಿಗ್ಗೆ ಹೊರಟರೆ ಸಂಜೆವರೆಗೂ. ಮಾತಾಡುವಂತಿಲ್ಲ. ಮನೆಮನೆಯವರು ಸ್ಟ್ರಾ ಹಾಕಿ ವಿಸ್ಕಿ ಕುಡಿಸುತ್ತಾರೆ. ಕೈ ಸೋಲದಂತೆ ಇಬ್ಬರು ಎರಡೂ ಕಡೆ ಹಿಡಿದಿರುತ್ತಾರೆ. ಅವನು ಬಂದರೆ ಊರಿಗೆ ಒಳ್ಳೆಯದು ಎಂಬ ನಂಬಿಕೆ. ನನ್ನ ಮಗ ಮೊದಲ ಸಲ ನೋಡಿ ಹೆದರಿ ಅತ್ತ, ನಿಮ್ಮ ಚಿಕ್ಕವನಿಗೆ ಮೊದಲೇ ಫೋಟೋ ತೋರಿಸಿ ಕರೆತನ್ನಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಎರೆಹುಳು ಮತ್ತು ಹಂಸ ಎರಡೂ ಗಟ್ಟಿ ಮಾಡಿದೆವು. ಅತ್ತೆಗೆ ಓದಿ ಹೇಳಿದೆ, ಸಂಜೆ ಹುಳು ವಾಪಸ್ ಬಿಡುತ್ತಾರೆ ಅಂದಾಗ "ಹಾಗಾದರೆ ನಾನೂ ಬರ್ತೀನಿ" ಅಂದರು. ಇನ್ನೊಂದು ಪ್ರಶ್ನೆ. ನಮ್ಮ ಯಜಮಾನರಿಗೆ ವೇಲ್ಸ್‌ನಲ್ಲಿ ಕೆಸರಿನಲ್ಲಿ ಈಜುವ ಸ್ಪರ್ಧೆಗೆ ಸೇರುವ ಆಸೆ. ಅದಕ್ಕೆ ರೈಲಿನಲ್ಲಿ ಹೋಗಬಹುದಾ?

ಉತ್ತರ 1ರವರಿಂದ ಮತ್ತೆ

ಅತ್ತೆಯವರ ಮಾತು ಓದಿ ಮನಸ್ಸು ತುಂಬಿತು!

ಯಜಮಾನರು ಧೈರ್ಯವಾಗಿ ಸೇರಲಿ. ಊರು ಲಾನೂರ್ಟಿಡ್ ವೆಲ್ಸ್, ಆಗಸ್ಟ್ ಕೊನೆಯ ಬ್ಯಾಂಕ್ ಹಾಲಿಡೇ ವಾರಾಂತ್ಯ. 1985ರಿಂದ ನಡೆಯುತ್ತಿದೆ. ಜೌಗಿನಲ್ಲಿ 55 ಮೀಟರ್ ಉದ್ದದ ಕಾಲುವೆ ಕಡಿದಿರುತ್ತಾರೆ. ಉಸಿರಾಡುವ ಕೊಳವೆ ಸ್ನಾರ್ಕೆಲ್, ಕಾಲಿಗೆ ಮೀನಿನ ರೆಕ್ಕೆಯಂಥ ಫ್ಲಿಪ್ಪರ್ ಹಾಕಿಕೊಂಡು ಹೋಗಿ ಬರಬೇಕು. ಮಾಮೂಲಿ ಈಜಿನಂತೆ ಕೈ ಬೀಸುವಂತಿಲ್ಲ, ಫ್ಲಿಪ್ಪರ್ ಬಡಿದೇ ಮುಂದೆ ಹೋಗಬೇಕು. ನೀರು ಕಪ್ಪು ಕಾಫಿ ಬಣ್ಣ, ಒಳಗೆ ಏನೂ ಕಾಣುವುದಿಲ್ಲ. ಆಗಸ್ಟ್‌ನಲ್ಲೂ ಚೆನ್ನಾಗಿ ತಣ್ಣಗಿರುತ್ತದೆ, ವೆಟ್‌ಸೂಟ್ ಬೇಕೇ ಬೇಕು.

ಅದೇ ಊರಲ್ಲಿ ಜೂನ್‌ನಲ್ಲಿ ಮನುಷ್ಯ ಮತ್ತು ಕುದುರೆಯ ಓಟವೂ ಇದೆ, ಸುಮಾರು 22 ಮೈಲಿ, ಬೆಟ್ಟ ಹತ್ತಿ ಇಳಿದು. 1980ರಲ್ಲಿ ಶುರುವಾದದ್ದು. ಮನುಷ್ಯ ಮೊದಲ ಸಲ ಗೆದ್ದದ್ದು 2004ರಲ್ಲಿ. ವರ್ಷಕ್ಕೆ ಸಾವಿರ ಪೌಂಡ್‌ನಂತೆ ಕೂಡಿದ್ದ 25,000 ಪೌಂಡ್ ಅವರಿಗೆ ಸಿಕ್ಕಿತು. ಓಡುವ ಅಭ್ಯಾಸ ಇದ್ದರೆ ಮುಂದಿನ ವರ್ಷ ಅದನ್ನೂ ನೋಡಲಿ.

ರೈಲಿದೆ. ಶ್ರೂಸ್‌ಬರಿಗೆ ಹೋಗಿ, ಅಲ್ಲಿಂದ ಸ್ವಾನ್‌ಸೀ ಕಡೆ ಹೋಗುವ ಹಾರ್ಟ್ ಆಫ್ ವೇಲ್ಸ್ ಲೈನ್ ಹಿಡಿಯಬೇಕು. ಹಾದಿ ತುಂಬಾ ಚೆಂದ. ಆದರೆ ದಿನಕ್ಕೆ ಬೆರಳೆಣಿಕೆಯಷ್ಟು ರೈಲು, ಭಾನುವಾರ ಇನ್ನೂ ಕಮ್ಮಿ. ನಾನೊಮ್ಮೆ ಐದು ನಿಮಿಷದಲ್ಲಿ ರೈಲು ತಪ್ಪಿಸಿಕೊಂಡು ಒದ್ದೆ ಬಟ್ಟೆಯಲ್ಲಿ ಗಂಟೆಗಟ್ಟಲೆ ಪ್ಲಾಟ್‌ಫಾರಂ ಮೇಲೆ ಕೂತಿದ್ದೆ. ಚಿಕ್ಕ ಊರು, ರೂಮುಗಳೂ ಕಮ್ಮಿ. ಈಗಲೇ ಎರಡು ರಾತ್ರಿಗೆ ಬುಕ್ ಮಾಡಿಬಿಡಿ. ಒಂದು ಜೊತೆ ಹಳೇ ಟವೆಲ್, ಗಟ್ಟಿಯಾದ ಪ್ಲಾಸ್ಟಿಕ್ ಚೀಲ ಬೇರೆಯಾಗಿ ಇಟ್ಟುಕೊಳ್ಳಿ. ಆ ಕೆಸರಿನ ವಾಸನೆ ಮೂರು ಸಲ ತೊಳೆದ ಮೇಲೆ ಹೋಗುತ್ತದೆ.