ಹೂಳು ತುಂಬಿದ ಒಡ್ಡಿನ ಬುಡದಾಗ ನೀರು ಜಿನುಗಿದ್ರ ಏನ್ ಮಾಡ್ಬೇಕ್ರಿ?

ಪ್ರಶ್ನೆ: ನಮಸ್ಕಾರ್ರಿ ಸರ. ನಮ್ದು ಚಿತ್ತಾಪುರ ತಾಲೂಕ. ಊರ ಕೆರಿ ಹೂಳು ಪಂಪ್ ಹಚ್ಚಿ ತೆಗದು, ಮಣ್ಣಿನ ಒಡ್ಡು ಕಟ್ಟಿ ಅದರಾಗ ತುಂಬ್ಯಾರ. ಒಡ್ಡು ಎರಡಾಳೆತ್ತರ ಅದ, ಕೆಳಗ 20 ಮನಿ ಅವ. ಮೊನ್ನಿ ಮಳಿ ಆದ್ಮ್ಯಾಲ ಬುಡದಾಗ ನೀರು ಜಿನುಗ್ಲಕತ್ತದ. ಗುತ್ತೇದಾರರು ಎರಿ ಮಣ್ಣು ಒತ್ತಿ ಮುಚ್ರಿ ಅಂತಾರ. ಮುಚ್ಚಬೇಕೇನ್ರಿ?

ಉತ್ತರ (ನಿವೃತ್ತ ನೀರಾವರಿ ಎಂಜಿನಿಯರ್): ಮುಚ್ಚಬೇಡ್ರಿ. ಮೊದಲು ಆ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಒಂದು ತಾಸು ಇಡಿ. ಮಣ್ಣಿನ ಒಡ್ಡು ಅಂದಮೇಲೆ ಸ್ವಲ್ಪ ಜಿನುಗುತ್ತದೆ. ನೀರು ತಿಳಿಯಾಗಿದ್ದು, ದಿನದಿನಕ್ಕೆ ಹೆಚ್ಚದಿದ್ದರೆ ಕಣ್ಣಿಟ್ಟಿರಿ, ಸಾಕು. ಲೋಟದ ತಳದಲ್ಲಿ ಮಣ್ಣು ಕೂತರೆ ನೀರು ಒಡ್ಡನ್ನೇ ಒಳಗಿಂದ ಕೊರೆದು ತರುತ್ತಿದೆ. ಆ ಬಿಲ ಹಿಂದಹಿಂದಕ್ಕೆ ಬೆಳೆದು ಕೊನೆಗೆ ಬೋಂಗಾ ಬೀಳುತ್ತದೆ, ಅಂದರೆ ಒಡ್ಡು ಒಡೆದು ದೊಡ್ಡ ಕಂಡಿ ಆಗುತ್ತದೆ.

ಎರಿ ಮಣ್ಣು ಮೆತ್ತಿದರೆ ನೀರಿನ ಒತ್ತಡ ಒಳಗೇ ಏರಿ, ಒಡ್ಡು ಮೆತ್ತಗಾಗಿ ಇನ್ನೊಂದು ಕಡೆ ಒಡೆಯುತ್ತದೆ. ನೀರು ಜಿನುಗುವ ಜಾಗದಲ್ಲಿ ಮೊದಲು ದಪ್ಪ ಮರಳು, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಕಲ್ಲು ಹಾಕಬೇಕು. ನೀರು ಹೋಗಲಿ, ಮಣ್ಣು ಉಳಿಯಲಿ.

ಇನ್ನು ಹೂಳಿನ ಮೇಲೆ ನಿಂತ ನೀರು. ನನಗೆ ಹೆಚ್ಚು ಭಯ ಅದರದ್ದೇ. 1994ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದ ಮೆರ್ರಿಸ್‌ಪ್ರೂಟ್‌ನಲ್ಲಿ ಚಿನ್ನದ ಗಣಿಯ ಹೂಳಿನ ಒಡ್ಡು ಮಳೆನೀರು ಉಕ್ಕಿ ಒಡೆದು 17 ಮಂದಿ ಸತ್ತರು. ಹರಿದದ್ದು ಬರೀ ನೀರಲ್ಲ, ಕೆಸರು. ಅದರೊಳಗೆ ಸಿಕ್ಕವರು ಈಜಿ ಪಾರಾಗಲಾರರು. ಆದ್ದರಿಂದ ಒಡ್ಡಿನ ಅತಿ ತಗ್ಗಾದ ಜಾಗದಿಂದ ಮೂರಡಿ ಕೆಳಗೇ ನೀರು ನಿಲ್ಲಬೇಕು. ಮನೆಗಳಿಲ್ಲದ ಕಡೆಗೆ ಕಲ್ಲು ಹಾಸಿದ ಕೋಡಿ ಮಾಡಿಸಿ. ಅಲ್ಲಿಯವರೆಗೆ ಹೊಸ ಹೂಳು ಬೇಡ. ನಮ್ಮ ಎರಿ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮುಂಗಾರಿನ ಮೊದಲ ನೀರು ನೇರ ಆ ಬಿರುಕಿಗಿಳಿಯುತ್ತದೆ. ಒಡ್ಡಿನ ಮೇಲೆ ಗರಸು (ಹರಳು ಬೆರೆತ ಗಟ್ಟಿ ಮಣ್ಣು) ಹೊದಿಸಿದ್ದಾರಾ, ನೋಡಿ ಹೇಳಿ.

ಇನ್ನೊಬ್ಬರ ಪ್ರಶ್ನೆ: ಅಣ್ಣೋರ, ನಾನೂ ಅದೇ ಊರಾಕಿ. ಹೂಳು ಮ್ಯಾಲ ಒಣಗ್ಯದ, ಹುಡುಗರು ಅಲ್ಲೇ ಕ್ರಿಕೆಟ್ ಆಡ್ಲಕತ್ತಾರ. ನಡೀತದೇನ್ರಿ?

ಉತ್ತರ: ಬೇಡ ತಂಗಿ, ಇವತ್ತೇ ನಿಲ್ಲಿಸಿ. ಒಣಗಿದ್ದು ಮೇಲಿನ ಹೆಕ್ಕಳ ಮಾತ್ರ. ದಂಡೆಯಲ್ಲೇ ನಿಂತು ಉದ್ದನೆ ಬಿದಿರು ಚುಚ್ಚಿ ನೋಡಿ, ಗೇಣು ದಾಟಿದರೆ ಅಂಬಲಿಯಲ್ಲಿ ಇಳಿದಂತೆ ಇಳಿಯುತ್ತದೆ. ಹುಡುಗರು, ದನ ಹೋಗದಂತೆ ಸುತ್ತ ಜಾಲಿ ಮುಳ್ಳಿನ ಬೇಲಿ ಹಾಕಿಸಿ.

ಮೊದಲು ಕೇಳಿದವರು: ಸರ, ತಾಸು ಆಯ್ತು. ಲೋಟದ ತಳಕ್ಕ ಅರ್ಧ ಬೆರಳು ಮಣ್ಣು ಕುಂತದ. ಮುಂಜಾನಿಗಿಂತ ನೀರೂ ಜಾಸ್ತಿ ಆಗ್ಯದ.

ಉತ್ತರ: ಹಾಗಾದರೆ ಮರಳು ಆಮೇಲೆ. ಈಗಲೇ ಆ 20 ಮನೆಯವರನ್ನು ಎತ್ತರದ ಜಾಗಕ್ಕೆ ಕಳಿಸಿ, 112ಕ್ಕೂ ತಹಶೀಲ್ದಾರರಿಗೂ ಫೋನ್ ಮಾಡಿ. ಕತ್ತಲಲ್ಲಿ ಯಾರೂ ಒಡ್ಡಿನ ಬುಡಕ್ಕೆ ಹೋಗಬೇಡ್ರಿ. ನಾನು ಫೋನ್ ಹತ್ತಿರವೇ ಇರುತ್ತೇನೆ.